ನ್ಯಾರೋಬೋಟ್: ಲಾಕ್‌ನಲ್ಲಿ ಇಳಿಯುವಾಗ ‘ಸಿಲ್’ ಮೇಲೆ ಕಣ್ಣಿರಲಿ

ಇಂಗ್ಲೆಂಡಿನ ಕೆನೆಟ್ ಅಂಡ್ ಏವನ್ ಕಾಲುವೆಗೆ ನ್ಯಾರೋಬೋಟ್‌ನಲ್ಲಿ (ಕಾಲುವೆಗೆಂದೇ ಮಾಡಿದ ಉದ್ದನೆಯ, ಕಿರಿದಾದ ದೋಣಿ) ಹೊರಟವರು ಗಮನಿಸಿ. ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ, ಆತುರವೇ ಬೇಕಿಲ್ಲ. ಲಾಕ್‌ನಲ್ಲಿ (ನೀರು ತುಂಬಿಸಿ, ಖಾಲಿ ಮಾಡಿ ಬೋಟನ್ನು ಏರಿಳಿಸುವ, ಎರಡೂ ತುದಿಗೆ ಗೇಟಿರುವ ತೊಟ್ಟಿ) ಕೆಳಗಿಳಿಯುವಾಗ ಮಾತ್ರ ಮೈಯೆಲ್ಲ ಕಣ್ಣಾಗಿರಬೇಕು.

ಮೇಲಿನ ಗೇಟಿನ ಬುಡದಲ್ಲಿ ಸಿಲ್ ಎಂಬ ಕಟ್ಟೆ ಇರುತ್ತದೆ. ಲಾಕ್ ತುಂಬಿದ್ದಾಗ ಅದು ಕಾಣುವುದಿಲ್ಲ. ನೀರು ಇಳಿಯುತ್ತಾ ಬೋಟಿನ ಹಿಂಭಾಗ ಅದರ ಮೇಲೆ ಕೂತುಬಿಟ್ಟರೆ ಮೂತಿ ಕೆಳಗೆ ಬಾಗಿ, ನೀರು ನುಗ್ಗಿ, ನಿಮಿಷಗಳಲ್ಲಿ ಬೋಟ್ ಮುಳುಗುತ್ತದೆ. ಗೋಡೆಯಂಚಿನ ಬಿಳಿ ಗುರುತಿಗಿಂತ ಚುಕ್ಕಾಣಿ ಮುಂದೆಯೇ ಇರಲಿ. ಹಗ್ಗವನ್ನು ಗೂಟಕ್ಕೆ ಒಂದು ಸುತ್ತು ಹಾಕಿ ಕೈಯಲ್ಲೇ ಹಿಡಿದು ಸಡಿಲಿಸುತ್ತಾ ಬನ್ನಿ. ಗಂಟು ಹಾಕಿದರೆ ಬೋಟ್ ನೇತಾಡುತ್ತದೆ.

ಸಿಕ್ಕಿಕೊಂಡಿತೋ, ಮೊದಲು ಕೆಳಗಿನ ಗೇಟಿನ ಪ್ಯಾಡಲ್ (ನೀರು ಬಿಡುವ ಕಿಂಡಿಯ ಬಾಗಿಲು) ಮುಚ್ಚಿ, ಆಮೇಲೆ ಮೇಲಿನದನ್ನು ನಿಧಾನವಾಗಿ ತೆರೆದು ನೀರು ತುಂಬಿಸಿ. ಈ ಕ್ರಮ ಮನೆಮಂದಿಗೆಲ್ಲ ಬಾಯಿಪಾಠ ಇರಬೇಕು.

ಪ್ಯಾಡಲ್ ಎತ್ತಿಳಿಸಲು ತಿರುಗಿಸುವ ವಿಂಡ್‌ಲಾಸ್ ಹಿಡಿಕೆಯನ್ನು ಪ್ಯಾಡಲ್ ಗೇರಿನಲ್ಲೇ ಬಿಟ್ಟು ಕೈ ತೆಗೆಯಬೇಡಿ. ಗೇರನ್ನು ತಡೆಹಿಡಿಯುವ ಕೊಂಡಿ ಜಾರಿದರೆ ಹಿಡಿಕೆ ಗಿರ್ರನೆ ತಿರುಗಿ ಮೂಳೆ ಮುರಿಯುತ್ತದೆ. ಪಶ್ಚಿಮಕ್ಕೆ ಹೋಗುವವರಿಗೆ ಡಿವೈಜಸ್ ಪಟ್ಟಣದ ಕೇನ್ ಹಿಲ್‌ನಲ್ಲಿ 29 ಲಾಕ್‌ಗಳ ಇಳಿತವಿದೆ. ಬೆಳಿಗ್ಗೆ ಬೇಗ ಶುರುಮಾಡಿ, ಇನ್ನೊಂದು ನ್ಯಾರೋಬೋಟ್ ಜೊತೆ ಅಕ್ಕಪಕ್ಕ ಇಳಿಯಿರಿ. ಕೆಲಸವೂ ನೀರೂ ಅರ್ಧಕ್ಕರ್ಧ ಉಳಿಯುತ್ತದೆ.