ರೇಡಿಯೋಹೆಡ್‌ನ ಐವರ ಬೆನ್ನು ಹತ್ತಿ

2016ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಐವರ ರಾಕ್ ಬ್ಯಾಂಡ್ ರೇಡಿಯೋಹೆಡ್ ತನ್ನ ಒಂಬತ್ತನೆಯ ಆಲ್ಬಂ ‘ಎ ಮೂನ್ ಶೇಪ್ಡ್ ಪೂಲ್’ ಹೊರತಂದಿತು. ಅದರ ಪ್ರವಾಸ 2018ರಲ್ಲಿ ಮುಗಿಯಿತು. ಮತ್ತೆ ಐವರೂ ಒಂದೇ ವೇದಿಕೆ ಹತ್ತಿದ್ದು 2025ರ ನವೆಂಬರ್‌ನಲ್ಲಿ, ಮ್ಯಾಡ್ರಿಡ್‌ನಲ್ಲಿ. ನಡುವಿನ ಏಳು ವರ್ಷಗಳಲ್ಲಿ ಈ ಬ್ಯಾಂಡನ್ನು ನನ್ನಷ್ಟೇ ಹಚ್ಚಿಕೊಂಡಿದ್ದ ಕೆಲವು ಗೆಳೆಯರು ಕಾದು ಕಾದು ಕೈಚೆಲ್ಲಿದರು. ನನಗೆ ಅದು ಬರಗಾಲ ಅನ್ನಿಸಲೇ ಇಲ್ಲ. ಐವರೂ ತಂತಮ್ಮ ಪಾಡಿಗೆ ಮಾಡುತ್ತಿದ್ದ ಸಂಗೀತದ ಬೆನ್ನು ಹತ್ತಿದ್ದೆ. ಕೇಳಲು ಹೊತ್ತು ಸಾಲುತ್ತಿರಲಿಲ್ಲ.

ಕೇಳುವ ಬಗೆ ಮಾತ್ರ ನನಗೆ ತಡವಾಗಿ ಒಲಿಯಿತು. ಡ್ರಮ್ಮರ್ ಫಿಲಿಪ್ ಸೆಲ್ವೇ ಅವರ ಮೊದಲ ಸ್ವತಂತ್ರ ಆಲ್ಬಂ ‘ಫಮಿಲಿಯಲ್’ 2010ರಲ್ಲಿ ಬಂದಾಗ ಒಂದೇ ಸಲ ಕೇಳಿ ಬದಿಗಿಟ್ಟಿದ್ದೆ. ಗಿಟಾರ್ ಹಿಡಿದು ಮೆಲುದನಿಯಲ್ಲಿ ಹಾಡುವ ಆ ಮನುಷ್ಯನಲ್ಲಿ ನಾನು ಹುಡುಕುತ್ತಿದ್ದದ್ದು ರೇಡಿಯೋಹೆಡ್‌ನ ತಾಳವನ್ನು. ಅದು ಸಿಗಲಿಲ್ಲ, ನಿರಾಸೆಯಾಯಿತು. ಎಷ್ಟೋ ವರ್ಷಗಳ ನಂತರ ಆಲ್ಬಂನಲ್ಲಿ ನುಡಿಸಿದವರ ಪಟ್ಟಿ ಓದುತ್ತ ಕುಳಿತಾಗ ಕಣ್ಣಿಗೆ ಬಿದ್ದದ್ದು: ಡ್ರಮ್ಸ್ ನುಡಿಸಿದವರು ವಿಲ್ಕೋ ಬ್ಯಾಂಡಿನ ಗ್ಲೆನ್ ಕೋಚೆ! 2023ರ ‘ಸ್ಟ್ರೇಂಜ್ ಡ್ಯಾನ್ಸ್’ ಆಲ್ಬಂನಲ್ಲೂ ಹಾಗೆಯೇ. ಅಲ್ಲಿ ತಾಳವಾದ್ಯದ ಹೊಣೆ ವ್ಯಾಲೆಂಟಿನಾ ಮಗಲೆಟ್ಟಿ ಅವರದು. ಇಷ್ಟು ವರ್ಷ ಡ್ರಮ್ಸ್ ಹಿಂದೆ ಕುಳಿತ ವ್ಯಕ್ತಿ ತನ್ನದೇ ಆಲ್ಬಂನಲ್ಲಿ ಆ ಪೀಠವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟಿದ್ದರು. ನಾನು ಹುಡುಕಿದ್ದು ಅಲ್ಲಿ ಇರಲೇ ಇಲ್ಲ, ಇದ್ದದ್ದನ್ನು ನಾನು ಕೇಳಿರಲಿಲ್ಲ. ಅಂದು ರಾತ್ರಿ ‘ಫಮಿಲಿಯಲ್’ ಅನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಅವರ ದನಿಯಲ್ಲಿರುವ ಸಂಕೋಚವೇ ಆ ಹಾಡುಗಳ ಜೀವ ಎಂದು ನನಗೆ ಆಗ ತಿಳಿಯಿತು.

ಅವತ್ತಿನಿಂದ ಒಂದು ರೂಢಿ ಮಾಡಿಕೊಂಡೆ. ಹೊಸದೊಂದು ಆಲ್ಬಂ ಕೈಗೆ ಬಂದರೆ ಮೊದಲು ಹೆಸರುಗಳನ್ನು ಓದುತ್ತೇನೆ: ಯಾರು ಏನು ನುಡಿಸಿದ್ದಾರೆ, ಧ್ವನಿಮುದ್ರಣ ಯಾರದು, ನಿರ್ಮಾಪಕರು ಯಾರು. ಆಮೇಲೆ ಹಾಡು. ಒಂದು ದಪ್ಪ ನೋಟ್‌ಬುಕ್‌ನಲ್ಲಿ ಐವರಿಗೂ ಒಂದೊಂದು ಕಾಲಂ ಎಳೆದು, ವರ್ಷದ ಎದುರಿಗೆ ಅವರವರ ಕೆಲಸ ಬರೆಯತೊಡಗಿದೆ. ಎರಡು ವಾರ ಕಳೆಯುವಷ್ಟರಲ್ಲಿ ಆರನೆಯ ಕಾಲಂ ಬೇಕಾಯಿತು. ಅದು ನಿರ್ಮಾಪಕ ನೈಜಲ್ ಗಾಡ್ರಿಚ್ ಅವರಿಗಾಗಿ. 1997ರ ‘ಓಕೆ ಕಂಪ್ಯೂಟರ್’ ಮುಂತಾದ ರೇಡಿಯೋಹೆಡ್ ಆಲ್ಬಂಗಳ ಈ ಗಾಡ್ರಿಚ್ ಅವರೇ ಬ್ಯಾಂಡಿನ ಗಾಯಕ ಥಾಮ್ ಯಾರ್ಕ್ ಅವರ 2006ರ ‘ದಿ ಇರೇಸರ್’ಗೂ ನಿರ್ಮಾಪಕರು. ಥಾಮ್ ಅವರ ಇನ್ನೊಂದು ತಂಡ ‘ಆಟಮ್ಸ್ ಫಾರ್ ಪೀಸ್’ನಲ್ಲಿ ಅವರೇ ಒಬ್ಬ ಸದಸ್ಯರು. ಥಾಮ್ ಮತ್ತು ಬ್ಯಾಂಡಿನ ಗಿಟಾರ್ ವಾದಕ ಜಾನಿ ಗ್ರೀನ್‌ವುಡ್ ಅವರು ಡ್ರಮ್ಮರ್ ಟಾಮ್ ಸ್ಕಿನ್ನರ್ ಜೊತೆ ಕಟ್ಟಿದ ‘ದಿ ಸ್ಮೈಲ್’ ತಂಡದ ಮೊದಲ ಆಲ್ಬಂ ಕೂಡ ಅವರದೇ ನಿರ್ಮಾಣ. ಅದೇ ತಂಡದ 2024ರ ‘ವಾಲ್ ಆಫ್ ಐಝ್’ ಆಲ್ಬಂಗೆ ನಿರ್ಮಾಪಕರಾಗಿ ಸ್ಯಾಮ್ ಪೆಟ್ಸ್-ಡೇವಿಸ್ ಬಂದರು. ಎರಡನ್ನೂ ಒಂದರ ಬೆನ್ನಿಗೆ ಒಂದು ಕೇಳಿ ನೋಡಿ. ಎರಡನೆಯದರಲ್ಲಿ ಕೋಣೆ ದೊಡ್ಡದಾದಂತೆ, ವಾದ್ಯಗಳು ಒಂದಿಷ್ಟು ದೂರ ಸರಿದು ಕುಳಿತಂತೆ ನನಗೆ ಕೇಳಿಸುತ್ತದೆ.

‘ದಿ ಇರೇಸರ್’ ವಿಷಯಕ್ಕೆ ಬಂದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಅದು ಥಾಮ್ ಅವರ ಸ್ವಂತ ಆಲ್ಬಂ, ಬ್ಯಾಂಡಿನದಲ್ಲ. ಆದರೆ ಮೊದಲ ಹಾಡು ಶುರುವಾಗುವುದೇ ತುಂಡು ತುಂಡಾದ ಪಿಯಾನೋ ಸ್ವರಗಳಿಂದ. ಸಣ್ಣ ರೆಕಾರ್ಡರ್‌ನಲ್ಲಿ ಹಿಡಿದಿಟ್ಟಿದ್ದ ಆ ಪಿಯಾನೋ ಜಾನಿ ಅವರದು. ಅದನ್ನು ಕತ್ತರಿಸಿ ಜೋಡಿಸಿದ್ದು ಥಾಮ್. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಒಂದು ಸ್ವರ ಪೂರ್ತಿ ಆರುವ ಮೊದಲೇ ಇನ್ನೊಂದು ಬಂದು ಅದರ ಬಾಲ ಕತ್ತರಿಸುವ ಜಾಗಗಳು ಸ್ಪಷ್ಟವಾಗಿ ಕೇಳುತ್ತವೆ. ಈ ಇಬ್ಬರ ನಡುವೆ ಇಂಥ ಕೊಡುಕೊಳ್ಳುವಿಕೆ ಹಳೆಯದು. 2000ದ ‘ಕಿಡ್ ಎ’ ಆಲ್ಬಂನ ‘ಇಡಿಯೋಟೆಕ್’ ಹಾಡು ಹುಟ್ಟಿದ್ದೂ ಹೀಗೆಯೇ: ಜಾನಿ ಸುಮಾರು 50 ನಿಮಿಷದ ಎಲೆಕ್ಟ್ರಾನಿಕ್ ಪ್ರಯೋಗವನ್ನು ಒಪ್ಪಿಸಿದರು, ಥಾಮ್ ಅದರೊಳಗಿಂದ ಒಂದು ನಿಮಿಷವೂ ಇಲ್ಲದ ತುಣುಕನ್ನು ಆರಿಸಿ ಹಾಡು ಕಟ್ಟಿದರು. ಒಬ್ಬರು ರಾಶಿ ಸುರಿಯುತ್ತಾರೆ, ಇನ್ನೊಬ್ಬರು ಕಾಳು ಹೆಕ್ಕುತ್ತಾರೆ. ಇದು ತಿಳಿದ ಮೇಲೆ ‘ಇದು ಬ್ಯಾಂಡಿನದು, ಇದು ಹೊರಗಿನದು’ ಎಂದು ಗೆರೆ ಎಳೆಯುವುದನ್ನು ಬಿಟ್ಟೆ.

ಹಾಡುಗಳೂ ಆ ಗೆರೆಯನ್ನು ಮಾನ್ಯ ಮಾಡುವುದಿಲ್ಲ. ‘ಸ್ಕರ್ಟಿಂಗ್ ಆನ್ ದಿ ಸರ್ಫೇಸ್’ ಎಂಬ ಹಾಡನ್ನು ಥಾಮ್ 2009ರಲ್ಲಿ ವೇದಿಕೆಯಲ್ಲಿ ಹಾಡಿದರು. 2012ರ ಪ್ರವಾಸದಲ್ಲಿ ಅದನ್ನು ರೇಡಿಯೋಹೆಡ್ ನುಡಿಸಿತು. ಆಲ್ಬಂನಲ್ಲಿ ಅದಕ್ಕೆ ಜಾಗ ಸಿಕ್ಕಿದ್ದು 2022ರಲ್ಲಿ, ‘ದಿ ಸ್ಮೈಲ್’ ತಂಡದ ಹಾಡಾಗಿ. ಹದಿಮೂರು ವರ್ಷ, ಮೂರು ಮನೆ. ಬ್ಯಾಂಡಿನೊಳಗೇ ಇದ್ದು ಇಷ್ಟೇ ಅಲೆದ ಹಾಡೂ ಒಂದಿದೆ. ‘ಟ್ರೂ ಲವ್ ವೇಟ್ಸ್’ 1995ರಿಂದ ವೇದಿಕೆಯಲ್ಲಿತ್ತು, ಸ್ಟುಡಿಯೋ ಆಲ್ಬಂಗೆ ಬಂದದ್ದು 2016ರಲ್ಲಿ. ಗಿಟಾರಿನ ಮೇಲೆ ಒರಟಾಗಿ ಅಂಗಲಾಚುತ್ತಿದ್ದ ಹಾಡು 21 ವರ್ಷಗಳ ನಂತರ ಪಿಯಾನೋ ಜೊತೆ ಸುಮ್ಮನೆ ಕುಳಿತುಬಿಟ್ಟಿತ್ತು. ಹಳೆಯದನ್ನು ಬಲ್ಲವರಿಗೆ ಹೊಸದರಲ್ಲಿ ಎದೆ ಹಿಂಡಿದಂತಾಗುತ್ತದೆ. ಅದಕ್ಕೇ ಹೇಳುವುದು, ಲೈವ್ ಧ್ವನಿಮುದ್ರಣಗಳನ್ನು ತಾರೀಕಿನ ಸಮೇತ ಬರೆದಿಟ್ಟುಕೊಳ್ಳಬೇಕು. ನನ್ನ ಮೊದಲ ನೋಟ್‌ಬುಕ್‌ನಲ್ಲಿ ತಾರೀಕುಗಳಿರಲಿಲ್ಲ. ಅರ್ಧ ವರ್ಷದ ಕೆಲಸವನ್ನು ಮತ್ತೆ ಮಾಡಬೇಕಾಯಿತು.

ಐವರಲ್ಲಿ ಹೆಚ್ಚು ದೂರ ಕರೆದೊಯ್ದವರು ಜಾನಿ. ಅವರು 2003ರಿಂದಲೇ ಚಲನಚಿತ್ರಗಳಿಗೆ ಸಂಗೀತ ಬರೆಯುತ್ತಿದ್ದಾರೆ. 2007ರಲ್ಲಿ ಪೌಲ್ ಥಾಮಸ್ ಆಂಡರ್ಸನ್ ಅವರ ಚಿತ್ರಕ್ಕೆ ಕೊಟ್ಟ ಸಂಗೀತದಲ್ಲಿ ತಮ್ಮದೇ ಹಿಂದಿನ ಕೃತಿಯ ಭಾಗಗಳನ್ನು ಬಳಸಿದ್ದರಿಂದ ಅದು ಆಸ್ಕರ್ ಸ್ಪರ್ಧೆಗೆ ಅರ್ಹವಾಗಲಿಲ್ಲ. ರಾಕ್ ಕೇಳಿ ಬೆಳೆದ ನನ್ನ ಕಿವಿಗೆ ಆ ಪಿಟೀಲುಗಳ ಕರ್ಕಶ ಏರಿಳಿತ ಮೊದಮೊದಲು ಹಿಂಸೆಯೇ ಆಗಿತ್ತು. ವಾರಕ್ಕೊಮ್ಮೆ ಕೇಳುತ್ತ ಹೋದೆ. ಅದರ ಫಲ ಸಿಕ್ಕಿದ್ದು 2016ರಲ್ಲಿ ರೇಡಿಯೋಹೆಡ್‌ನ ‘ಬರ್ನ್ ದಿ ವಿಚ್’ ಹಾಡು ಬಂದಾಗ. ಅಲ್ಲಿ ತಂತಿವಾದ್ಯದವರು ಕಮಾನು ಬಿಟ್ಟು ಗಿಟಾರ್ ಮೀಟುವ ಪ್ಲೆಕ್ಟ್ರಮ್‌ನಿಂದ ತಂತಿ ಹೊಡೆಯುತ್ತಾರೆ. ತಗಡಿನ ಮೇಲೆ ಕಾಳು ಉದುರಿದಂತಹ ಸದ್ದು. ಜಾನಿ ಅವರ ಚಿತ್ರಸಂಗೀತ ಕೇಳಿರದಿದ್ದರೆ ನಾನು ಅದನ್ನು ಕೀಬೋರ್ಡ್ ಎಂದುಕೊಂಡು ಬಿಡುತ್ತಿದ್ದೆ.

ಇದೇ ಜಾನಿ 2015ರಲ್ಲಿ ಬಂದ ‘ಜುನೂನ್’ ಆಲ್ಬಂಗಾಗಿ ಜೋಧಪುರದ ಮೆಹ್ರಾನ್‌ಗಢ ಕೋಟೆಯಲ್ಲಿ ಇಸ್ರೇಲಿನ ಸಂಗೀತಗಾರ ಶಾಯ್ ಬೆನ್ ತ್ಸುರ್ ಮತ್ತು ರಾಜಸ್ಥಾನದ ವಾದಕರ ನಡುವೆ ಕುಳಿತರು. ಹಾಡುಗಳು ಬೆನ್ ತ್ಸುರ್ ಅವರವು, ಮುಂದೆ ಇರುವುದು ಹಾಡುಗಾರರ ದನಿ ಮತ್ತು ಬ್ರಾಸ್ ವಾದ್ಯಗಳು. ಜಾನಿ ಅವರನ್ನು ಹುಡುಕಿಯೇ ಕೇಳಬೇಕು. ಜಗತ್ತೇ ಗುರುತಿಸುವ ಗಿಟಾರ್ ವಾದಕ ಹೀಗೆ ಗುಂಪಿನಲ್ಲಿ ಕರಗಿ ಕುಳಿತದ್ದನ್ನು ಕಂಡು ನನಗೆ ಅವರ ಮೇಲಿನ ಗೌರವ ಇಮ್ಮಡಿಯಾಯಿತು.

ಬ್ಯಾಂಡಿನ ಇನ್ನೊಬ್ಬ ಗಿಟಾರ್ ವಾದಕ ಎಡ್ ಓಬ್ರಿಯನ್ ಅವರ ‘ಅರ್ತ್’ ಆಲ್ಬಂ 2020ರ ಏಪ್ರಿಲ್‌ನಲ್ಲಿ, ‘ಇಒಬಿ’ ಎಂಬ ಹೆಸರಿನಲ್ಲಿ ಬಂತು. ಲಾಕ್‌ಡೌನ್ ಗದ್ದಲದಲ್ಲಿ ಅದಕ್ಕೆ ಸಿಗಬೇಕಾದ ಗಮನ ಸಿಗಲಿಲ್ಲ ಎಂಬ ನೋವು ನನಗೆ ಈಗಲೂ ಇದೆ. ಬೇಸ್ ಗಿಟಾರಿನ ಕಾಲಿನ್ ಗ್ರೀನ್‌ವುಡ್ ಅವರದು ಇನ್ನೂ ಬೇರೆ ದಾರಿ. ಅವರು ಗಾಯಕ ನಿಕ್ ಕೇವ್ ಅವರ ಪ್ರವಾಸಗಳಲ್ಲಿ ಬೇಸ್ ನುಡಿಸಿದರು, 2024ರಲ್ಲಿ ತಮ್ಮ ಬ್ಯಾಂಡಿನವರ ಛಾಯಾಚಿತ್ರಗಳ ಪುಸ್ತಕ ತಂದರು. ಬೇರೆಯವರ ಹಾಡುಗಳ ಕೆಳಗೆ ಅವರ ಬೇಸ್ ಕೇಳಿದ ಮೇಲೆಯೇ ರೇಡಿಯೋಹೆಡ್‌ನಲ್ಲಿ ಅವರು ಎಷ್ಟು ಭಾರ ಹೊರುತ್ತಾರೆ ಎಂದು ಗೊತ್ತಾದದ್ದು.

ಹೊಸದಾಗಿ ಶುರು ಮಾಡುವವರು ಕೇಳಿದರೆ ನಾನು ‘ದಿ ಸ್ಮೈಲ್’ನಿಂದ ಆರಂಭಿಸಿ ಎನ್ನುವುದಿಲ್ಲ. ಅದು ಬ್ಯಾಂಡಿಗೆ ತೀರ ಹತ್ತಿರ, ಹೋಲಿಕೆಯ ಚಟ ಅಂಟಿಕೊಳ್ಳುತ್ತದೆ. ಸೆಲ್ವೇ ಅವರ ‘ಫಮಿಲಿಯಲ್’ನಿಂದ ಆರಂಭಿಸಿ. ಒಂದು ವಾರ ಅದೊಂದೇ ಆಲ್ಬಂ, ಜೊತೆಗೆ ರೇಡಿಯೋಹೆಡ್ ಬೇಡ.

2025ರಲ್ಲಿ ಐವರೂ ಮತ್ತೆ ಸೇರಿ ಯುರೋಪಿನ ಐದು ನಗರಗಳಲ್ಲಿ ಇಪ್ಪತ್ತು ಕಛೇರಿ ಕೊಟ್ಟಾಗ ನಾನು ಅಲ್ಲಿರಲಿಲ್ಲ. ಧ್ವನಿಮುದ್ರಣಗಳನ್ನೇ ಕೇಳುತ್ತಿದ್ದೇನೆ, ಒಂದೊಂದು ಸಲಕ್ಕೆ ಒಬ್ಬೊಬ್ಬರನ್ನು ಹಿಡಿದು. ಕಾಲಿನ್, ಎಡ್, ಜಾನಿ, ಥಾಮ್ ಆಯಿತು. ಫಿಲಿಪ್ ಅವರ ಸರದಿಯನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೇನೆ.