ಮೂರು ಎಚ್‌ಪಿ ಚಿಪ್ಪರಿನಲ್ಲಿ ತೆಂಗಿನ ಗರಿ: ನನ್ನ ಅನುಭವ

"ಸಿಂಗಲ್ ಫೇಸ್ ಮಿಶಿನ್ ತೆಂಗಿನ ಗರಿ ತಿನ್ನಂಗಿಲ್ರಿ" ಅಂತ ಪುಣೆಯ ಕೊಥ್ರೂಡಿನ ನಮ್ಮ ವಸತಿ ಸೊಸೈಟಿಯ ಮಾಳಿ (ತೋಟಗಾರ), ಬಾಗಲಕೋಟೆ ಕಡೆಯವರು, ಕೊಂಬೆ-ಗರಿ ಚೂರು ಮಾಡುವ ಚಿಪ್ಪರ್ ಬಂದ ಮೊದಲ ದಿನವೇ ಹೇಳಿದ್ದರು. ಮನೆಯ ಸಾಮಾನ್ಯ ಕರೆಂಟಿನಲ್ಲಿ ಓಡುವ ಮಿಶಿನ್ನಿಗೇ ಸಿಂಗಲ್ ಫೇಸ್ ಅನ್ನುವುದು. ಕಮಿಟಿಯವರೂ ತಲೆ ಆಡಿಸಿದರು. ಮೂರು ಮಳೆಗಾಲ ಕಳೆದಿವೆ. ಈಗ ತಿಂಗಳಿಗೆ 40–50 ಗರಿ ಚೂರಾಗುತ್ತವೆ, ಯಾರ ಬೆರಳಿಗೂ ಪೆಟ್ಟಾಗಿಲ್ಲ.

ಮೊದಲು ಸೋತದ್ದು ಗರಿಯನ್ನು ಇಡಿಯಾಗಿ ನೂಕಿದ್ದಕ್ಕೆ. ಗರಿಯ ನಡುವಿನ ದಿಂಡು ಕತ್ತರಿಸಿಹೋಗುತ್ತದೆ; ಎಲೆಯ ನಾರು ಮಾತ್ರ ಶಾಫ್ಟಿಗೆ ಹುರಿಹಗ್ಗದಂತೆ ಸುತ್ತಿಕೊಂಡು ಬೇರಿಂಗಿನ ಸೀಲನ್ನು ಹಾಳುಮಾಡುತ್ತದೆ. ಬಿಗಿದು ನಿಂತ ಮೋಟಾರನ್ನೇ ಮತ್ತೆ ಮತ್ತೆ ಚಾಲೂ ಮಾಡಿ ಅದರೊಳಗಿನ ತಂತಿ ಸುರುಳಿ, ಅಂದರೆ ವೈಂಡಿಂಗ್, ಸುಟ್ಟಿತು. ರಿವೈಂಡಿಂಗಿಗೆ 4,500, ಎರಡು ಬೇರಿಂಗಿಗೆ 900ರ ಆಸುಪಾಸು. ಉದ್ದನೆಯ ತೆಳು ವೈರಿನದೂ ತಪ್ಪಿತ್ತು, ವೋಲ್ಟೇಜ್ ಇಳಿದು ಮೋಟಾರು ಬಿಸಿಯಾಗುತ್ತಿತ್ತು. ಈಗ 2.5 ಚದರ ಮಿಮೀ ತಾಮ್ರದ ಕೇಬಲ್, ಹತ್ತು ಮೀಟರಿನೊಳಗೆ, ಜೊತೆಗೆ ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಸ್ವಿಚ್ಚು. ಮಳೆಯಲ್ಲಿ ಶೆಡ್ಡಿನೊಳಗಷ್ಟೇ ಕೆಲಸ.

ಗರಿಯ ಬುಡದ ಅಗಲವಾದ ಮಟ್ಟೆ ಒಂದೂವರೆ ಅಡಿ ಕಡಿದು ಬೇರೆ ಇಡಿ, ಈ ಮಿಶಿನ್ನಿಗೆ ಅದು ಹೆಚ್ಚಾಯಿತು. ಕೊಯ್ತಾದಿಂದ (ಬಾಗು ಕತ್ತಿ) ಎಲೆ ಸವರಿ, ದಿಂಡನ್ನು ಮೂರು ಮೂರು ಅಡಿ ಮಾಡಿ, ದಪ್ಪ ತುದಿ ಮೊದಲು ಕೊಡಿ. ಕೊನೆಯ ಒಂದಡಿಗೆ ಕೈ ಹೋಗಬಾರದು. ಹಿಂದಿನಿಂದ ಬರುವ ದಿಂಡೇ ಅದನ್ನು ನೂಕಲಿ. ಎಲ್ಲಕ್ಕಿಂತ ಕೊನೆಯ ತುಂಡಿಗೆ ಬೇವಿನ ಕೋಲು, ಕಬ್ಬಿಣದ ಸರಳು ಎಂದೂ ಬೇಡ. ಎಲೆಗಳನ್ನು ಗೇಣುದ್ದ ಕತ್ತರಿಸಿ, ಒಂದು ಹಿಡಿಗೆ ಎರಡು ಹಿಡಿ ಒಣ ಗುಲ್‌ಮೊಹರ್ ಕಡ್ಡಿ ಸೇರಿಸಿ ಮೇಲಿನ ಹಾಪರಿಗೆ, ಅಂದರೆ ಕಸ ಸುರಿಯುವ ಡಬ್ಬಿಗೆ, ಹಾಕಿ. ಹಸಿಯಿದ್ದರೆ ಚೂರು ಹೊರಬೀಳುವ ಕಡೆಯ ಜಾಲರಿ ತೆಗೆದುಬಿಡಿ. ಹಾಪರಿನ ಬಾಯಿಗೆ ಎದುರಾಗಿ ನಿಲ್ಲಬೇಡಿ, ತುಂಡು ಹಿಂದಕ್ಕೆ ಹಾರುತ್ತದೆ, ಪಕ್ಕದಲ್ಲಿ ನಿಲ್ಲಿ. ಕನ್ನಡಕ, ಕಿವಿಗೆ ಮಫ್. ಟವೆಲ್, ದುಪಟ್ಟಾ, ತೋಳು ಸಡಿಲವಾದ ಅಂಗಿ ಹತ್ತಿರಕ್ಕೂ ಬೇಡ.

ಸಿಕ್ಕಿಕೊಂಡರೆ ಮೊದಲು ಸ್ವಿಚ್ಚು, ಆಮೇಲೆ ಪ್ಲಗ್ಗು ಕಿತ್ತು ತೆರೆಯುವವನ ಕಣ್ಣೆದುರೇ ಇಡಿ. ಬ್ಲೇಡು ಕೂರಿಸಿದ ಡಿಸ್ಕು ಇನ್ನೂ ಸುಮಾರು ಒಂದು ನಿಮಿಷ ತಿರುಗುತ್ತದೆ, ಸದ್ದು ಪೂರ್ತಿ ಅಡಗಿದ ಮೇಲಷ್ಟೇ ಬೋಲ್ಟಿಗೆ ಕೈ ಹಾಕಿ. ಬಹಳ ಜನ ತಪ್ಪುವುದು ಇದಾದ ಮೇಲೆ. ಕರೆಂಟಿಲ್ಲ ಅಂತ ಒಂದು ಬ್ಲೇಡಿನ ನಾರು ಜಗ್ಗುತ್ತಾರೆ. ನಾರು ಬಿಟ್ಟೊಡನೆ ಡಿಸ್ಕು ತಿರುಗಿ ಎರಡನೇ ಬ್ಲೇಡು ಕೈ ಮೇಲೆ ಬರುತ್ತದೆ. ಮೊದಲು ಮರದ ಬೆಣೆ ಹೊಡೆದು ಡಿಸ್ಕನ್ನು ನಿಲ್ಲಿಸಿ.

ಬ್ಲೇಡಿನ ಹದ ಚೂರೇ ಹೇಳುತ್ತದೆ. ಅಂಚು ಚೊಕ್ಕಟವಾದ ಬಿಲ್ಲೆ ಬಿದ್ದರೆ ಚೂಪಿದೆ. ಎಳೆ ಎಳೆಯಾಗಿ, ಬಿಸಿಯಾಗಿ ಬಿದ್ದರೆ ಮೊಂಡಾಗಿದೆ, ನಿಲ್ಲಿಸಿ. ತೆಂಗಿಗೆ ಎಂಟು ತಾಸಿಗೊಮ್ಮೆ ಸಾಣೆ ಬೇಕು, ಜೋಡಿಗೆ 200 ರೂಪಾಯಿ. ಸಾಣೆ ಹಿಡಿಯುವಾಗ ನೀಲಿ ಬಣ್ಣ ಬರುವಷ್ಟು ಕಾಯಿಸಿದರೆ ಉಕ್ಕಿನ ಹದ ಹೋಯಿತು. ಎರಡೂ ಬ್ಲೇಡು ತೂಕಕ್ಕೆ ಹಾಕಿ ಸಮ ಮಾಡಿ, ಇಲ್ಲದಿದ್ದರೆ ಇಡೀ ಮಿಶಿನ್ ನಡುಗುತ್ತದೆ. ಬ್ಲೇಡಿಗೂ ಕೆಳಗಿನ ಅಲುಗದ ಪಟ್ಟಿಗೂ ನಡುವೆ ಸುಮಾರು ಒಂದು ಮಿಮೀ ಸಂದು ಇಡುತ್ತೇನೆ. ತೆಂಗಿಗಾಗಿ ಅದನ್ನು ಇನ್ನೆಷ್ಟು ಇಳಿಸುತ್ತೇನೆ, ಏನಿಟ್ಟು ಅಳೆಯುತ್ತೇನೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಮೂರು ಜೊತೆ ಬ್ಲೇಡು ಹಾಳುಮಾಡಿ ಕಲಿತದ್ದು ಅದು.

ಮಿಶಿನ್ನಿಗೆ 48,000 ಬಿತ್ತು. ಮೊದಲು ಕಸ ಸಾಗಿಸಲು ತಿಂಗಳಿಗೆ ಎರಡು ಟೆಂಪೊ, ಒಂದಕ್ಕೆ 1,800. ಈಗ ಎರಡು ತಿಂಗಳಿಗೊಂದು, ಅದೂ ಮಟ್ಟೆಗಾಗಿ. ಎರಡು ವರ್ಷದೊಳಗೆ ದುಡ್ಡು ಮರಳಿತು.

ಚೂರನ್ನು ಅಡಿಗೆಮನೆಯ ಹಸಿಕಸದ ಗೊಬ್ಬರದಲ್ಲೂ ಬೆರೆಸಿ ನೋಡಿದೆ. ಎರಡು ಬುಟ್ಟಿ ಹಸಿಕಸಕ್ಕೆ ಒಂದು ಬುಟ್ಟಿ ಚೂರು ಹಾಕಿದರೆ ನೀರು ಸೋರುವುದಿಲ್ಲ, ನಾತವೂ ಇಲ್ಲ. ಮಾವಿನ ಚೂರು ಬೇಗ ಕೊಳೆಯಿತು, ತೆಂಗಿನದು ಆರು ತಿಂಗಳಾದರೂ ಜರಡಿಯಲ್ಲಿ ಉಳಿಯುತ್ತದೆ; ಅದನ್ನೇ ಮುಂದಿನ ರಾಶಿಗೆ ಹಾಕುತ್ತೇನೆ. ಕಣಗಿಲೆ ಕೊಂಬೆ ಮಾತ್ರ ಮಿಶಿನ್ನಿಗೂ ಬೇಡ, ರಾಶಿಗೂ ಬೇಡ. ಅದರ ರಸ ವಿಷ, ಚೂರಾದಾಗ ಪುಡಿ ಮೂಗಿಗೆ ಏರುತ್ತದೆ.