ಕಂಟೇನರ್ ಮನೆ ತೋಟಕ್ಕೆ ತರ್ತೀರಾ? ಮೊದಲು ದಾರಿ ಅಳೆಯಿರಿ

ಮೂಡಿಗೆರೆ ಹತ್ತಿರದ ನಮ್ಮ ತೋಟಕ್ಕೆ ಕಂಟೇನರ್ ಮನೆ (ಹಡಗಿನಲ್ಲಿ ಸರಕು ಸಾಗಿಸುವ ಉಕ್ಕಿನ ಪೆಟ್ಟಿಗೆಯಲ್ಲೇ ಮಾಡಿದ ಮನೆ) ತರಿಸಿದಾಗ, ಬೆಂಗಳೂರಿಂದ ರಾತ್ರಿಯಿಡೀ ಸಲೀಸಾಗಿ ಬಂದ ಲಾರಿ ಗೇಟಿಗೆ ಇನ್ನೂರು ಅಡಿ ಇರುವಾಗ ನಿಂತುಬಿಟ್ಟಿತು. ಅಡ್ಡ ಇದ್ದದ್ದು ಒಂದು ಹಲಸಿನ ಕೊಂಬೆ. ಅದನ್ನು ಕಡಿಯುವಷ್ಟರಲ್ಲಿ ಮಧ್ಯಾಹ್ನ. ಕ್ರೇನಿನ ಬಾಡಿಗೆ ಮಾತ್ರ ಓಡ್ತಾನೇ ಇತ್ತು.

ಲೆಕ್ಕ ಸುಲಭ. 20 ಅಡಿ ಕಂಟೇನರ್ 8 ಅಡಿ ಅಗಲ, ಎಂಟೂವರೆ ಅಡಿ ಎತ್ತರ. ಲಾರಿಯ ಎತ್ತರ ಸೇರಿದರೆ 13 ಅಡಿ ದಾಟುತ್ತದೆ. 15 ಅಡಿಯ ಬಿದಿರು ಹಿಡಿದು ಟಾರ್ ರೋಡಿನಿಂದ ಜಾಗದವರೆಗೆ ನಡೆದು ನೋಡಿ. ಕರೆಂಟ್ ತಂತಿ ಕಂಡರೆ ಬಿದಿರು ಕೆಳಗಿಡಿ, ಲೈನ್‌ಮನ್‌ಗೆ ಹೇಳಿ. ಕರೆಂಟ್ ಕಂಪನಿ ನಮ್ಮಲ್ಲಿ ಮೆಸ್ಕಾಂ, ಹಾಸನದ ಕಡೆ ಸೆಸ್ಕ್. 40 ಅಡಿಯದ್ದು ಆಸೆ ಹುಟ್ಟಿಸುತ್ತದೆ, ಆದರೆ ಆ ಟ್ರೈಲರ್ ತೋಟದ ತಿರುವಿನಲ್ಲಿ ತಿರುಗಬೇಕಲ್ವಾ? 20 ಅಡಿಯವು ಎರಡು ತಂದು ಜೋಡಿಸಿ.

ಅಮೆರಿಕದ ಮೊಬೈಲ್ ಹೋಮ್‌ಗೆ ಅಡಿಯಲ್ಲೇ ಉಕ್ಕಿನ ಚಾಸಿ, ಆಕ್ಸಲ್, ಚಕ್ರ ಇರುತ್ತವೆ, ಎಳೆದುಕೊಂಡು ಹೋಗುತ್ತಾರೆ. ನಮ್ಮದನ್ನು ಎತ್ತಬೇಕು. ಕಂಟೇನರಿನ ಭಾರ ಹೊರುವುದು ನಾಲ್ಕು ಮೂಲೆ ಕಂಬಗಳು, ಅವು ವಾಲದಂತೆ ಹಿಡಿಯುವುದು ಆ ಮಡಿಕೆ ಮಡಿಕೆ ಗೋಡೆ. ದೊಡ್ಡ ಗಾಜು ಬೇಕು ಅಂತ ಗೋಡೆ ಕೊಯ್ದರೆ ಸುತ್ತ ಚೌಕ ಪೈಪಿನ ಫ್ರೇಮ್ ವೆಲ್ಡ್ ಮಾಡಿಸಲೇಬೇಕು. ಇಲ್ಲದಿದ್ದರೆ ಎತ್ತಿದಾಗ ನಡು ಬಾಗಿ, ಇಳಿಸಿದ ಮೇಲೆ ಬಾಗಿಲು ಹಾಕಕ್ಕಾಗಲ್ಲ. ಹಳೆಯ ಕಂಟೇನರಾದರೆ ನೆಲದ ಪ್ಲೈವುಡ್‌ಗೆ ಹುಳ ಹಿಡಿಯದಂತೆ ಔಷಧಿ ಹಾಕಿರುತ್ತಾರೆ, ಆ ಪ್ಲೈವುಡ್ಡನ್ನೇ ತೆಗೆಸಿ. ಟೈಲ್ಸ್ ಬೇಡ, ದಾರಿಯ ಕುಲುಕಾಟಕ್ಕೆ ಬಿರುಕು ಬಿಡುತ್ತವೆ. ವಿನೈಲ್ ಹಾಸು ಸಾಕು.

20 ಅಡಿಯ ಖಾಲಿ ಕಂಟೇನರ್ ಸುಮಾರು ಎರಡೂಕಾಲು ಟನ್. ಒಳಗಿನ ಕೆಲಸ ಮುಗಿದ ಮೇಲೆ ಎಷ್ಟಾಯಿತು ಅಂತ ವೇಬ್ರಿಡ್ಜಿನಲ್ಲಿ ತೂಗಿಸಿ ಕ್ರೇನಿನವರಿಗೆ ಹೇಳಿ. ಹೈಡ್ರಾ ಕ್ರೇನಿನ ತೋಳು ಚಾಚಿದಷ್ಟೂ ಅದರ ಶಕ್ತಿ ಇಳಿಯುತ್ತದೆ, ಹಾಗಾಗಿ ಲಾರಿ, ಕಂಟೇನರ್ ಕೂರಿಸುವ ಪಿಲ್ಲರ್‌ಗಳ ಪಕ್ಕಕ್ಕೇ ಬರಬೇಕು. ನಾಲ್ಕೂ ಸರಪಳಿಯನ್ನು ಒಂದೇ ಕೊಕ್ಕೆಗೆ ಸಿಕ್ಕಿಸಿ ಎತ್ತಿದರೆ ಮೇಲಿನ ಚೌಕಟ್ಟು ಒಳಕ್ಕೆ ಒತ್ತುತ್ತದೆ. ಮಧ್ಯೆ ಸ್ಪ್ರೆಡರ್ ಬೀಮ್ (ಸರಪಳಿಗಳನ್ನು ಅಗಲಿಸಿ ಹಿಡಿಯುವ ಉಕ್ಕಿನ ತೊಲೆ) ಹಾಕಿ ಅಂತ ಹಟ ಹಿಡಿಯಿರಿ, ಕ್ರೇನಿನವರು ಎಷ್ಟು ಗೊಣಗಿದರೂ.

ಪಿಲ್ಲರ್‌ಗಳನ್ನು ನೆಲದಿಂದ ಒಂದೂವರೆ ಅಡಿ ಎತ್ತರಿಸಿ, ಮೂಲೆಗಳು ಸರಿಯಾಗಿ ಅವುಗಳ ಮೇಲೇ ಕೂರಬೇಕು. ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪೇ ಸಾಕು. ನಮ್ಮದರಲ್ಲಿ ಒಂದು ಮೂಲೆ ಅರ್ಧ ಇಂಚು ತಗ್ಗಿತ್ತು, ಬಚ್ಚಲ ಬಾಗಿಲು ತಾನಾಗೇ ತೆರೆದುಕೊಳ್ಳುತ್ತಿತ್ತು. ಆ ಮೂಲೆಯ ಕೆಳಗೆ ಉಕ್ಕಿನ ಪ್ಲೇಟ್ ಕೊಟ್ಟ ಮೇಲೆ ನಿಂತಿತು.

ಸಾಗಿಸುವುದು ಕಾಫಿ ಕುಯ್ಲು ಮುಗಿದ ಮೇಲೆ, ಹೂಮಳೆಗೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆಗೆ) ಮುಂಚೆ ಇಟ್ಟುಕೊಳ್ಳಿ. ಮಣ್ಣು ಹಸಿಯಾದರೆ ಕ್ರೇನ್ ಹೂತುಹೋಗುತ್ತದೆ. ಕಬ್ಬಿಣದ ಮನೆ, ಅರ್ಥಿಂಗ್ ಮರೀಬೇಡಿ. ಮೇಲೆ ಬೇರೆಯಾಗಿ ಶೀಟ್ ಮಾಡು ಹಾಕಿಸಿ, ಎರಡಡಿ ಸೂರು ಬಿಡಿ. ಮೊದಲ ವರ್ಷ ನಾವು ಬಿಡಲಿಲ್ಲ. ಜುಲೈ ಮಳೆಯಲ್ಲಿ ಕಿಟಕಿ ತೆಗೆಯಕ್ಕೇ ಆಗಲಿಲ್ಲ.